ಕಾಲೇಜಿನ ಬಿಲ್ಲು ಯಾರ ಹೆಸರಿಗೆ?

ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ, ಅಂದರೆ ಊರೂರಿನ ಎರಡು ವರ್ಷದ ಸರ್ಕಾರಿ ಕಾಲೇಜುಗಳಲ್ಲಿ, ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್ಟಿಗೆ (ಪಾಠದ ಅಳತೆ, ನಮ್ಮ ಕ್ರೆಡಿಟ್ಟಿನಂತೆ) 46 ಡಾಲರ್ ಶುಲ್ಕ. 2012ರ ಬೇಸಿಗೆಯಿಂದ ಈ ದರ ಬದಲಾಗಿಲ್ಲ. ಒಂದು ಸೆಮಿಸ್ಟರಿಗೆ 12 ಯೂನಿಟ್ ತೆಗೆದುಕೊಂಡರೆ 552 ಡಾಲರ್ ಆಗುತ್ತದೆ. ಅದರ ಮೇಲೆ ಆರೋಗ್ಯ ಶುಲ್ಕ, ವಿದ್ಯಾರ್ಥಿ ಸಂಘದ ಶುಲ್ಕ, ಕಾರು ನಿಲ್ಲಿಸುವ ಪರ್ಮಿಟ್ಟು ಎಂದು ಒಂದಷ್ಟು ಚಿಲ್ಲರೆ ಬಾಬ್ತು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಇದೇ ಬೇ ಏರಿಯಾದಲ್ಲಿರುವ ಖಾಸಗಿ ವಿಶ್ವವಿದ್ಯಾಲಯ ಸ್ಟ್ಯಾನ್‌ಫರ್ಡಿನಲ್ಲಿ ವರ್ಷವೊಂದರ ಘೋಷಿತ ವೆಚ್ಚ, ಊಟ ವಸತಿ ಸೇರಿ, 80,000 ಡಾಲರನ್ನು ದಾಟಿ ಹೋಗಿದೆ. ಅಮೆರಿಕದಲ್ಲಿ ಓದು ದುಬಾರಿ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಈ ಎರಡು ಬಿಲ್ಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಮಾತಿನಿಂದ ಏನೂ ತಿಳಿದಂತಾಗುವುದಿಲ್ಲ. ಇಲ್ಲಿ ನೆಲೆಸಿದ ಮೇಲೆ, ಪರಿಚಯದ ಮನೆಗಳ ಮಕ್ಕಳು ಒಬ್ಬೊಬ್ಬರಾಗಿ ಹೈಸ್ಕೂಲು ಮುಗಿಸುವುದನ್ನು ನೋಡುತ್ತ, ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಓದಿಗೆ ಎಷ್ಟು ಖರ್ಚು ಎಂಬುದಲ್ಲ. ಆ ಖರ್ಚು ಯಾರದು, ಅದನ್ನು ಯಾರು ಯಾವಾಗ ತೀರ್ಮಾನಿಸಿದರು ಎಂಬುದು.

ಏಕೆಂದರೆ ಈ ರಾಜ್ಯ ಒಂದು ಕಾಲದಲ್ಲಿ ಈ ವಿಷಯದಲ್ಲಿ ಬರಹದಲ್ಲಿಯೇ ಮಾತು ಕೊಟ್ಟಿತ್ತು. 1868ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಕಾಯಿದೆಯಲ್ಲಿ, ಸಂಸ್ಥೆಯ ವರಮಾನ ಅವಕಾಶ ಕೊಟ್ಟ ಕೂಡಲೇ ರಾಜ್ಯದ ಎಲ್ಲ ನಿವಾಸಿಗಳಿಗೂ ಪ್ರವೇಶ ಮತ್ತು ಬೋಧನೆ ಉಚಿತವಾಗಿರಬೇಕು ಎಂದಿದೆ. ಆ ವಿಶ್ವವಿದ್ಯಾಲಯ ಹುಟ್ಟಿದ್ದು 1862ರ ಮಾರಿಲ್ ಕಾಯಿದೆಯ ಬಲದಿಂದ. ಅಂತರ್ಯುದ್ಧದ ನಡುವೆಯೇ ಲಿಂಕನ್ ಸಹಿ ಹಾಕಿದ ಆ ಕಾಯಿದೆ, ಪ್ರತಿ ರಾಜ್ಯಕ್ಕೂ ಅದರ ಕಾಂಗ್ರೆಸ್ ಸದಸ್ಯರೊಬ್ಬರಿಗೆ 30,000 ಎಕರೆಯಂತೆ ಭೂಮಿ ಕೊಟ್ಟು, ಅದನ್ನು ಮಾರಿ ಬಂದ ಹಣದಲ್ಲಿ ಕೃಷಿ ಮತ್ತು ತಾಂತ್ರಿಕ ವಿದ್ಯೆಯ ಕಾಲೇಜುಗಳನ್ನು ನಡೆಸಿ ಎಂದಿತು. ಆ ಭೂಮಿ ಮೂಲನಿವಾಸಿ ಜನಾಂಗಗಳಿಂದ ಕಿತ್ತುಕೊಂಡದ್ದು ಎಂಬುದನ್ನೂ ಹೇಳಲೇಬೇಕು; ಉಚಿತ ಶಿಕ್ಷಣದ ಮೊದಲ ಬಿಲ್ಲನ್ನು ತೆತ್ತವರು ಅವರು.

1960ರಲ್ಲಿ ಆ ಹಳೆಯ ಮಾತಿಗೆ ಒಂದು ವ್ಯವಸ್ಥೆಯ ರೂಪ ಬಂತು. ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಮುಂದೆ ನಿಂತು ರೂಪಿಸಿದ ‘ಮಾಸ್ಟರ್ ಪ್ಲಾನ್’ ಉನ್ನತ ಶಿಕ್ಷಣವನ್ನು ಮೂರು ಅಂತಸ್ತುಗಳಾಗಿ ವಿಂಗಡಿಸಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಯುಸಿ. ಮೇಲಿನ ಮೂರನೇ ಒಂದು ಭಾಗಕ್ಕೆ ರಾಜ್ಯ ಕಾಲೇಜುಗಳು. ಕಲಿಯಬಲ್ಲ ಉಳಿದ ಎಲ್ಲರಿಗೂ ಜೂನಿಯರ್ ಕಾಲೇಜುಗಳು, ಅಂದರೆ ಇಂದಿನ ಕಮ್ಯೂನಿಟಿ ಕಾಲೇಜುಗಳು. ಜೂನಿಯರ್ ಕಾಲೇಜಿನಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರು ಮೂರನೆಯ ವರ್ಷಕ್ಕೆ ಮೇಲಿನ ಅಂತಸ್ತುಗಳಿಗೆ ಏರಬಹುದಿತ್ತು. ನಿವಾಸಿಗಳಿಗೆ ಬೋಧನಾ ಶುಲ್ಕ ಎಲ್ಲೂ ಇರಕೂಡದು ಎಂಬ ತತ್ತ್ವವನ್ನು ಈ ಯೋಜನೆ ಮತ್ತೊಮ್ಮೆ ಎತ್ತಿ ಹಿಡಿಯಿತು. ಗವರ್ನರ್ ಪ್ಯಾಟ್ ಬ್ರೌನ್ ಅದಕ್ಕೆ ಸಂಬಂಧಿಸಿದ ಕಾಯಿದೆಗೆ ಸಹಿ ಹಾಕಿದರು. ಆ ವರ್ಷವೇ ಕೆರ್ ಅವರ ಚಿತ್ರ ಟೈಮ್ ಪತ್ರಿಕೆಯ ಮುಖಪುಟಕ್ಕೇರಿತು. ಈ ಯೋಜನೆಯನ್ನು ಸಮಾನತೆಯ ಪರಮಾವಧಿ ಎಂದು ಹೊಗಳುವವರಿದ್ದಾರೆ. ನನಗೆ ಅಷ್ಟು ಭಕ್ತಿಯಿಲ್ಲ. ಅದು ಹದಿನೇಳು ವರ್ಷದ ಮಕ್ಕಳನ್ನು ದರ್ಜೆ ಹಚ್ಚಿ ಬೇರ್ಪಡಿಸಿದ ಯೋಜನೆಯೂ ಹೌದು. ಆದರೆ ಯಾರಿಗೂ ಬಾಗಿಲು ಪೂರ್ತಿ ಮುಚ್ಚಬಾರದು ಮತ್ತು ಆ ಬಾಗಿಲಲ್ಲಿ ಹಣ ಕೇಳಬಾರದು ಎಂಬ ಎರಡು ನಿಯಮಗಳನ್ನು ಅದು ಒಟ್ಟಿಗೆ ಹೇಳಿತ್ತು. ಎರಡನೆಯದು ಬಿದ್ದುಹೋದ ಬಗೆಯೇ ಮುಂದಿನ ಕಥೆ.

ಅದು ಒಂದೇ ದಿನ ಬೀಳಲಿಲ್ಲ. ರೊನಾಲ್ಡ್ ರೇಗನ್ ಗವರ್ನರ್ ಆದ ಕೆಲವೇ ವಾರಗಳಲ್ಲಿ, 1967ರ ಜನವರಿಯಲ್ಲಿ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಸದಸ್ಯರಾದ ರೀಜೆಂಟರು ಕೆರ್ ಅವರನ್ನು ಕೆಲಸದಿಂದ ತೆಗೆದರು. ಯುಸಿಯ ಬರ್ಕ್ಲಿ ಕ್ಯಾಂಪಸ್ಸಿನ ವಿದ್ಯಾರ್ಥಿ ಚಳವಳಿಯ ಮೇಲಿನ ಸಿಟ್ಟು ಅದರ ಹಿಂದಿತ್ತು. ವಿದ್ಯಾರ್ಥಿಗಳಿಂದ ಶುಲ್ಕ ವಸೂಲಿ ಮಾಡಬೇಕೆಂಬ ರೇಗನ್ನರ ಬಯಕೆಯೂ ಅದೇ ಕಾಲದ್ದು. 1970ರಲ್ಲಿ ‘ಶೈಕ್ಷಣಿಕ ಶುಲ್ಕ’ ಎಂಬ ಹೆಸರಿನಲ್ಲಿ ಸಣ್ಣದೊಂದು ಮೊತ್ತ ಯುಸಿಯ ಬಿಲ್ಲಿನೊಳಗೆ ಬಂತು. ನಂತರ 1978ರ ಜೂನಿನಲ್ಲಿ ನೇರ ಜನಮತಕ್ಕೆ ಬಂದ ‘ಪ್ರೊಪೊಸಿಷನ್ 13’ ಎಂಬ ಪ್ರಸ್ತಾಪವನ್ನು ಮತದಾರರೇ ಗೆಲ್ಲಿಸಿದರು. ಅದರ ಪ್ರಕಾರ ಮನೆ ಜಮೀನುಗಳ ಆಸ್ತಿ ತೆರಿಗೆ ಬೆಲೆಯ ಶೇ. 1ನ್ನು ಮೀರುವಂತಿಲ್ಲ, ತೆರಿಗೆಗಾಗಿ ಲೆಕ್ಕ ಹಿಡಿಯುವ ಬೆಲೆ ಮಾರಾಟವಾಗುವವರೆಗೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಆಸ್ತಿ ತೆರಿಗೆಯ ವರಮಾನ ಒಮ್ಮೆಗೇ ಅರ್ಧಕ್ಕೂ ಹೆಚ್ಚು ಕುಸಿಯಿತು. ಅಲ್ಲಿಯವರೆಗೆ ಸ್ಥಳೀಯ ತೆರಿಗೆಯನ್ನು ನಂಬಿಕೊಂಡಿದ್ದ ಶಾಲೆಗಳೂ ಕಮ್ಯೂನಿಟಿ ಕಾಲೇಜುಗಳೂ ರಾಜ್ಯದ ಬೊಕ್ಕಸದ ಕಡೆ ಕೈಚಾಚಬೇಕಾಯಿತು. 1984ರಲ್ಲಿ ಕಮ್ಯೂನಿಟಿ ಕಾಲೇಜುಗಳು ಮೊದಲ ಬಾರಿಗೆ ರಾಜ್ಯವ್ಯಾಪಿ ಶುಲ್ಕ ವಿಧಿಸಿದವು: ಯೂನಿಟ್ಟಿಗೆ 5 ಡಾಲರ್.

1988ರ ‘ಪ್ರೊಪೊಸಿಷನ್ 98’ ಶಾಲೆಗಳಿಗೂ ಕಮ್ಯೂನಿಟಿ ಕಾಲೇಜುಗಳಿಗೂ ಬಜೆಟ್ಟಿನಲ್ಲಿ ಕನಿಷ್ಠ ಪಾಲನ್ನು ಖಾತರಿಪಡಿಸಿತು. ಒಳ್ಳೆಯದೇ. ಆದರೆ ಖಾತರಿಯಿಲ್ಲದ ಉಳಿದ ಹಣಕ್ಕಾಗಿ ವಿಶ್ವವಿದ್ಯಾಲಯಗಳು ಜೈಲುಗಳ ಜೊತೆ, ಬಡವರ ವೈದ್ಯಕೀಯ ನೆರವಿನ ಜೊತೆ ಪೈಪೋಟಿ ನಡೆಸಬೇಕಾದ ಸ್ಥಿತಿ ಬಂತು. ಕೈದಿಗೆ ಊಟ ಹಾಕುವುದನ್ನು ನಿಲ್ಲಿಸಲಾಗದು, ರೋಗಿಯ ಬಿಲ್ಲನ್ನು ಮುಂದೂಡಲಾಗದು. ವಿದ್ಯಾರ್ಥಿಯ ಶುಲ್ಕವನ್ನಾದರೆ ಏರಿಸಬಹುದು. ಆರ್ಥಿಕ ಹಿಂಜರಿತ ಬಂದಾಗಲೆಲ್ಲ ನಡೆದದ್ದು ಇದೇ. 2009ರ ನವೆಂಬರಿನಲ್ಲಿ ಯುಸಿಯ ರೀಜೆಂಟರು ಶುಲ್ಕವನ್ನು ಶೇ. 32ರಷ್ಟು ಏರಿಸಿದರು, ಕ್ಯಾಂಪಸ್ಸುಗಳಲ್ಲಿ ಧರಣಿ, ಕಟ್ಟಡಗಳಿಗೆ ಮುತ್ತಿಗೆ, ಬಂಧನಗಳು ನಡೆದವು, ಏರಿಕೆ ಉಳಿಯಿತು. ಕಮ್ಯೂನಿಟಿ ಕಾಲೇಜಿನ ಯೂನಿಟ್ ದರ 2009ರಲ್ಲಿ 26, 2011ರಲ್ಲಿ 36, ಮರುವರ್ಷ 46 ಆಯಿತು. ರಾಜ್ಯ ಕಾಲೇಜುಗಳಿಂದ ಬೆಳೆದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ (ಸಿಎಸ್‌ಯು) ವ್ಯವಸ್ಥೆ 2023ರ ಸೆಪ್ಟೆಂಬರಿನಲ್ಲಿ ಐದು ವರ್ಷ, ವರ್ಷಕ್ಕೆ ಶೇ. 6ರಂತೆ ಶುಲ್ಕ ಏರಿಸುವ ತೀರ್ಮಾನ ಮಾಡಿತು. ಉಚಿತ ಶಿಕ್ಷಣವನ್ನು ರದ್ದು ಮಾಡುತ್ತೇವೆ ಎಂದು ಯಾರೂ ಯಾವ ಚುನಾವಣೆಯಲ್ಲೂ ಮತ ಕೇಳಲಿಲ್ಲ. ತಮ್ಮ ಮನೆಯ ತೆರಿಗೆ ಇಳಿಯಲಿ ಎಂದು ಮತ ಹಾಕಿದವರೇ ಹತ್ತಿಪ್ಪತ್ತು ವರ್ಷಗಳ ನಂತರ ಮಕ್ಕಳ ಕಾಲೇಜಿಗಾಗಿ ಅದೇ ಮನೆಯ ಮೇಲೆ ಸಾಲ ಎತ್ತಿದ್ದಾರೆ.

ಕೇಂದ್ರ ಸರ್ಕಾರದ ಹಾದಿಯೂ ಸುಮಾರಾಗಿ ಇದೇ ದಿಕ್ಕಿನದು. 1944ರ ಜಿಐ ಬಿಲ್ ಯುದ್ಧದಿಂದ ಮರಳಿದ ಸೈನಿಕರಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಬೋಧನಾ ಶುಲ್ಕ ಕೊಟ್ಟಿತು; ಆಗ ಹಾರ್ವರ್ಡಿಗೂ ಅಷ್ಟು ಸಾಕಾಗುತ್ತಿತ್ತು. 1947ರಲ್ಲಿ ಕಾಲೇಜು ಸೇರಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಾಜಿ ಸೈನಿಕರು. (ಕಪ್ಪು ಸೈನಿಕರಿಗೆ ದಕ್ಷಿಣದ ರಾಜ್ಯಗಳಲ್ಲಿ ಇದರ ಪಾಲು ದಕ್ಕಿದ್ದು ಬಹಳ ಕಡಿಮೆ.) 1972ರಲ್ಲಿ ಹುಟ್ಟಿ, ಆಮೇಲೆ ಸೆನೆಟರ್ ಪೆಲ್ ಅವರ ಹೆಸರು ಪಡೆದ ಅನುದಾನ ಬಡ ವಿದ್ಯಾರ್ಥಿಗಳಿಗೆ ಮರಳಿಸಬೇಕಿಲ್ಲದ ಹಣ ಕೊಡುತ್ತದೆ; ಅದರ ಗರಿಷ್ಠ ಮೊತ್ತ 2023-24ರಿಂದ 7,395 ಡಾಲರಿನಲ್ಲೇ ನಿಂತಿದೆ. ಅನುದಾನ ನಿಂತ ಕಡೆಯಿಂದ ಮುಂದೆ ಸಾಲ ಶುರುವಾಗುತ್ತದೆ. ಇಂದು ಕೇಂದ್ರದ ವಿದ್ಯಾರ್ಥಿ ಸಾಲ ಸುಮಾರು 1.6 ಲಕ್ಷ ಕೋಟಿ ಡಾಲರ್, ಸಾಲಗಾರರು 4 ಕೋಟಿಗೂ ಹೆಚ್ಚು. ಅಧ್ಯಕ್ಷ ಬೈಡನ್ ಅದರಲ್ಲಿ ಒಂದು ಪಾಲನ್ನು ಮನ್ನಾ ಮಾಡಲು ಹೊರಟದ್ದನ್ನು ಸುಪ್ರೀಂ ಕೋರ್ಟು 2023ರ ಜೂನ್ 30ರಂದು ತಡೆಯಿತು.

ಆದರೆ ಸಾಲದ ಮೊತ್ತಕ್ಕಿಂತ ಸಾಲವನ್ನು ಕಾಣಿಸುವ ಬಗೆ ನನಗೆ ಹೆಚ್ಚು ಅಸಹ್ಯವೆನಿಸಿದೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 2024ರ ವಸಂತದಲ್ಲಿ ನಮ್ಮ ಪರಿಚಯದ ಮನೆಯೊಂದಕ್ಕೆ, ದಾವಣಗೆರೆ ಕಡೆಯವರು, ಮಗಳು ಪ್ರವೇಶ ಪಡೆದಿದ್ದ ಖಾಸಗಿ ಕಾಲೇಜಿನಿಂದ ಹಣಕಾಸು ನೆರವಿನ ಪತ್ರ ಬಂತು. ಮೇಲೆ ಅಭಿನಂದನೆ, ಕೆಳಗೆ ಕೋಷ್ಟಕ. ವರ್ಷದ ವೆಚ್ಚ 58,000 ಡಾಲರ್. ಅದರ ಕೆಳಗೆ ‘ನಿಮ್ಮ ನೆರವು’ ಎಂಬ ತಲೆಬರಹದಲ್ಲಿ ನಾಲ್ಕು ಸಾಲು: ಕಾಲೇಜಿನ ವಿದ್ಯಾರ್ಥಿವೇತನ 14,000, ಕೇಂದ್ರದ ನೇರ ಸಾಲ 5,500, ಕೆಲಸ-ಕಲಿಕೆ 3,000, ಪೋಷಕರ ಪ್ಲಸ್ ಸಾಲ 35,500. ಒಟ್ಟು ನೆರವು 58,000. ನೀವು ಕಟ್ಟಬೇಕಾದದ್ದು ಸೊನ್ನೆ. ತಾಯಿ ಪತ್ರವನ್ನು ಮೇಜಿನ ಮೇಲಿಟ್ಟು, “ಎಲ್ಲಾ ಅವರೇ ಕೊಡ್ತಾರೆ ಅಂತ ಇದೆಯಲ್ಲ ಇವ್ರೇ, ಹಾಗಾದ್ರೆ ಇಲ್ಲಿ ಸಾಲ ಅಂತ ಯಾಕೆ ಬರೆದಿದ್ದಾರೆ?” ಎಂದು ಕೇಳಿದರು. ಸರಿಯಾದ ಪ್ರಶ್ನೆ. ನಿಜವಾದ ನೆರವು ಆ 14,000 ಮಾತ್ರ. ಕೆಲಸ-ಕಲಿಕೆಯ ಹಣ ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿ, ದುಡಿದ ಮೇಲೆ ಬರುವ ಸಂಬಳ. ಉಳಿದ 41,000 ಸಾಲ. ಅದರಲ್ಲೂ ಕೇಂದ್ರ ಸರ್ಕಾರ ಪೋಷಕರ ಹೆಸರಿಗೇ ಕೊಡುವ ಪ್ಲಸ್ ಸಾಲಕ್ಕೆ ಆ ಶೈಕ್ಷಣಿಕ ವರ್ಷದಲ್ಲಿ ಶೇ. 9.08 ಬಡ್ಡಿ, ಜೊತೆಗೆ ಹಣ ಕೈಸೇರುವ ಮುಂಚೆಯೇ ಮುರಿದುಕೊಳ್ಳುವ ಶೇ. 4ಕ್ಕೂ ಮಿಕ್ಕಿದ ಶುಲ್ಕ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ ತೋರಿಸಿದಾಗ ತಂದೆ ಏನೂ ಹೇಳದೆ ಎದ್ದು ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬಂದು, “ಕಮ್ಯೂನಿಟಿ ಕಾಲೇಜಿನ ವಿಷಯ ಹೇಳಿ” ಎಂದರು.

ಇದು ಒಂದು ಕಾಲೇಜಿನ ಕುಚೇಷ್ಟೆಯಲ್ಲ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2022ರಲ್ಲಿ ಇಂಥ ಪತ್ರಗಳನ್ನು ಪರಿಶೀಲಿಸಿ, ಅಂದಾಜು ಶೇ. 91ರಷ್ಟು ಕಾಲೇಜುಗಳು ನಿವ್ವಳ ವೆಚ್ಚವನ್ನು ತೋರಿಸುವುದೇ ಇಲ್ಲ, ಇಲ್ಲವೆ ಕಡಿಮೆ ಮಾಡಿ ತೋರಿಸುತ್ತವೆ ಎಂದು ವರದಿ ಮಾಡಿತು. ಘೋಷಿತ ಬೆಲೆ ಒಂದು, ಒಬ್ಬೊಬ್ಬರೂ ಕೊಡುವ ಬೆಲೆ ಇನ್ನೊಂದು ಎಂಬ ಪದ್ಧತಿಗೆ ಸಮರ್ಥನೆಯೂ ಇದೆ: ಉಳ್ಳವರಿಂದ ಹೆಚ್ಚು ಪಡೆದು ಇಲ್ಲದವರಿಗೆ ಇಳಿಸಬಹುದು ಎಂಬುದು. ಯುಸಿಯಲ್ಲಿ ಇದು ಬಹುಮಟ್ಟಿಗೆ ನಿಜವೂ ಹೌದು. ‘ಬ್ಲೂ ಆ್ಯಂಡ್ ಗೋಲ್ಡ್’ ಎಂಬ ಯೋಜನೆಯಡಿ, ವರ್ಷಕ್ಕೆ 80,000 ಡಾಲರಿಗಿಂತ ಕಡಿಮೆ ವರಮಾನದ, ನೆರವಿಗೆ ಅರ್ಹವಾದ ಕುಟುಂಬಗಳ ಮಕ್ಕಳು ಹಲವು ವರ್ಷಗಳಿಂದ ಬೋಧನಾ ಶುಲ್ಕವನ್ನೇ ಕಟ್ಟಬೇಕಾಗಿಲ್ಲ. ಆದರೂ ನನ್ನ ಒಲವು ಎಲ್ಲರಿಗೂ ಒಂದೇ ಆದ, ಗೋಡೆಯ ಮೇಲೆ ಬರೆಯಬಹುದಾದಂಥ ಕಡಿಮೆ ದರದ ಕಡೆಗೇ. ರಿಯಾಯಿತಿ ಸಿಗುವುದು ಬಡವರಿಗಲ್ಲ, ಫಾರಂ ತುಂಬಲು ಬಲ್ಲ ಬಡವರಿಗೆ. ಅಪ್ಪ ಅಮ್ಮ ಕಾಲೇಜಿನ ಮೆಟ್ಟಿಲು ಹತ್ತದ ಮನೆಯಲ್ಲಿ ಘೋಷಿತ ಬೆಲೆಯನ್ನು ನೋಡಿದ ಹುಡುಗ ಅರ್ಜಿಯನ್ನೇ ಹಾಕುವುದಿಲ್ಲ. ಹಾಕದ ಅರ್ಜಿಗೆ ಯಾವ ರಿಯಾಯಿತಿಯೂ ಅನ್ವಯಿಸುವುದಿಲ್ಲ.

ಫಾರಂ ಎಂದರೆ ಇಲ್ಲಿ ಫಾಫ್ಸಾ, ಕೇಂದ್ರದ ಎಲ್ಲ ನೆರವಿಗೂ ಹೆಬ್ಬಾಗಿಲು. ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದ ಅದನ್ನು ಸರಳಗೊಳಿಸುವ ಕಾಯಿದೆ 2020ರಲ್ಲಿ ಬಂತು. ಅಕ್ಟೋಬರಿನಲ್ಲಿ ತೆರೆಯಬೇಕಿದ್ದ ಹೊಸ ಫಾರಂ 2023ರ ಡಿಸೆಂಬರ್ ಕೊನೆಗೆ ಕುಂಟುತ್ತಾ ತೆರೆಯಿತು. ತಂದೆ ತಾಯಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ಮಕ್ಕಳಿಗೆ ಮೊದಲಲ್ಲಿ ಅದನ್ನು ಸಲ್ಲಿಸಲೇ ಆಗಲಿಲ್ಲ. ನೆರವಿನ ಪತ್ರಗಳು ತಿಂಗಳುಗಟ್ಟಲೆ ತಡವಾಗಿ ಬಂದವು. ಸರಳೀಕರಣದ ಹೆಸರಿನಲ್ಲಿ ಆದ ಈ ಎಡವಟ್ಟಿಗೆ ಬೆಲೆ ತೆತ್ತವರು, ನೆರವಿನ ಮೊತ್ತ ತಿಳಿಯದೆ ಸೀಟು ಒಪ್ಪಿಕೊಳ್ಳಲಾಗದ ಮನೆಗಳವರು.

ಇಲ್ಲಿ ನಮ್ಮವರ ಪಾತ್ರವನ್ನೂ ಹೇಳಬೇಕು. ರಾಜ್ಯದ ಹಣ ಕಡಿಮೆಯಾದ ಹಾಗೆ ಸರ್ಕಾರಿ ವಿಶ್ವವಿದ್ಯಾಲಯಗಳು ಹೊರ ರಾಜ್ಯದ ಮತ್ತು ಹೊರ ದೇಶದ ವಿದ್ಯಾರ್ಥಿಗಳನ್ನು ಹೆಚ್ಚಾಗಿ ಸೇರಿಸಿಕೊಂಡವು. ಯುಸಿಯಲ್ಲಿ ಪದವಿಗೆ ಬರುವ ಹೊರಗಿನವರು ಸಾಮಾನ್ಯ ಶುಲ್ಕದ ಮೇಲೆ ಹೆಚ್ಚುವರಿಯಾಗಿ 2024-25ರಲ್ಲಿ 34,200 ಡಾಲರ್ ಕಟ್ಟಬೇಕಿತ್ತು. ನಮ್ಮ ಸಿಇಟಿ ಭಾಷೆಯಲ್ಲಿ ಹೇಳುವುದಾದರೆ ಸರ್ಕಾರಿ ಕಾಲೇಜಿನಲ್ಲೇ ತೆರೆದ ಮ್ಯಾನೇಜ್‌ಮೆಂಟ್ ಸೀಟು. ಸ್ಥಳೀಯರ ಸಿಟ್ಟು ಏರಿದಾಗ, 2017ರಲ್ಲಿ, ಅಂಥವರ ಪ್ರಮಾಣಕ್ಕೆ ರೀಜೆಂಟರು ಮಿತಿ ಹಾಕಿದರು. ಸ್ನಾತಕೋತ್ತರ ಪದವಿಗಳಲ್ಲಿ ಹಾಗೊಂದು ಮಿತಿಯಿಲ್ಲ. 2023-24ರಲ್ಲಿ ಅಮೆರಿಕದಲ್ಲಿ 3.31 ಲಕ್ಷ ಭಾರತೀಯ ವಿದ್ಯಾರ್ಥಿಗಳಿದ್ದರು. ಚೀನಾವನ್ನೂ ಹಿಂದಿಕ್ಕಿದ ಸಂಖ್ಯೆ ಅದು. ಅವರಲ್ಲಿ ಬಹುಪಾಲು ಮಂದಿ ಎಂಎಸ್ ಮಾಡಲು ಬಂದವರು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಸೈಟನ್ನು ಬ್ಯಾಂಕಿಗೆ ಅಡವಿಟ್ಟು ಎತ್ತಿದ ಸಾಲ ಇಲ್ಲಿನ ವಿಭಾಗಗಳ ಖರ್ಚನ್ನು ತೂಗಿಸುತ್ತಿದೆ ಎಂಬುದು ಅತಿಶಯೋಕ್ತಿಯಲ್ಲ. ಎಚ್-1ಬಿ ವೀಸಾದ ಮೇಲೆ ಹತ್ತಾರು ವರ್ಷ ತೆರಿಗೆ ಕಟ್ಟಿ, ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿರುವ ಕುಟುಂಬಗಳ ಪಾಡು ಇನ್ನೂ ವಿಚಿತ್ರ. ಇಲ್ಲಿಯೇ ಒಂದನೇ ತರಗತಿಯಿಂದ ಓದಿದ್ದರೂ ಎಚ್-4 ಮೇಲಿರುವ ಮಕ್ಕಳಿಗೆ ಕೇಂದ್ರದ ನೆರವಿಲ್ಲ. 21 ತುಂಬಿದ ದಿನ ಆ ಅವಲಂಬಿತ ವೀಸಾವೂ ಮುಗಿಯುತ್ತದೆ. ನಮ್ಮ ಕೂಟಗಳ ಊಟದ ಮೇಜಿನಲ್ಲಿ ಈ ಮಕ್ಕಳ ರ‍್ಯಾಂಕುಗಳ ಮಾತು ನಡೆಯುವಷ್ಟು ಈ ಮಾತು ನಡೆಯುವುದಿಲ್ಲ.

ಕಮ್ಯೂನಿಟಿ ಕಾಲೇಜಿಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ 116 ಇವೆ, ವಿದ್ಯಾರ್ಥಿಗಳು 20 ಲಕ್ಷದ ಆಸುಪಾಸು. ಪ್ರವೇಶ ಪರೀಕ್ಷೆಯಿಲ್ಲ, ಶಿಫಾರಸು ಪತ್ರವಿಲ್ಲ, ಪ್ರಬಂಧವಿಲ್ಲ. ಕಡಿಮೆ ವರಮಾನದವರಿಗೆ ಆ 46 ಡಾಲರೂ ಮನ್ನಾ. ಮೊದಲ ಬಾರಿಗೆ ಪೂರ್ಣಾವಧಿ ಸೇರುವವರಿಗೆ ಎರಡು ವರ್ಷದ ಶುಲ್ಕವನ್ನು ಮನ್ನಾ ಮಾಡಲು 2017 ಮತ್ತು 2019ರ ಶಾಸನಗಳು ಅವಕಾಶ ಕೊಟ್ಟಿವೆ. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಏರುವ ದಾರಿ ‘ಅಸಿಸ್ಟ್’ ಎಂಬ ಜಾಲತಾಣದಲ್ಲಿದೆ. ಯುಸಿಯ ಡೇವಿಸ್ ಕ್ಯಾಂಪಸ್ಸಿನ ಕಂಪ್ಯೂಟರ್ ಸೈನ್ಸ್ ಎಂದು ಆರಿಸಿದರೆ ಎಡಗಡೆ ವಿಶ್ವವಿದ್ಯಾಲಯದ ಕೋರ್ಸುಗಳು, ಬಲಗಡೆ ನಿಮ್ಮ ಕಾಲೇಜಿನಲ್ಲಿ ಅವಕ್ಕೆ ಸಮನಾದವು ಕಾಣುತ್ತವೆ; ಕೆಲವು ಸಾಲುಗಳಲ್ಲಿ ಸಮಾನ ಕೋರ್ಸು ಇಲ್ಲ ಎಂಬ ಒಕ್ಕಣೆ. ಅದೇ ವಿಷಯವನ್ನು ಬರ್ಕ್ಲಿಗೆಂದು ಹುಡುಕಿದರೆ ಪಟ್ಟಿಯೇ ಬೇರೆ. ಆರು ಯುಸಿ ಕ್ಯಾಂಪಸ್ಸುಗಳು ಷರತ್ತು ಪೂರೈಸಿದವರಿಗೆ ಸೀಟಿನ ಖಾತರಿ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಕೊಡುವುದಿಲ್ಲ. ಹತ್ತೊಂಬತ್ತರ ಹುಡುಗಿ, ಸಂಜೆ ಅಂಗಡಿಯಲ್ಲಿ ದುಡಿಯುತ್ತ, ಈ ಪಟ್ಟಿಗಳನ್ನು ಹೊಂದಿಸಿಕೊಂಡು ಎರಡು ವರ್ಷದಲ್ಲಿ ಮುಗಿಸುವುದು ಸಾಮಾನ್ಯ ಸಾಹಸವಲ್ಲ. ದಾವಣಗೆರೆಯವರ ಮಗಳು ಈ ದಾರಿಯನ್ನೇ ಹಿಡಿದಳು. ಆಕೆಗೆ ಕೂತು ಹೇಳುವವರಿದ್ದರು.

ಇತ್ತೀಚಿನ ಬದಲಾವಣೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಹಣಕ್ಕೆ ಸಂಬಂಧಿಸಿದ್ದೇ ಅಲ್ಲ. ಮೊದಲು ಕಾಲೇಜು ಸೇರಿದವರಿಗೆ ಗಣಿತ ಮತ್ತು ಇಂಗ್ಲಿಷಿನಲ್ಲಿ ಮಟ್ಟ ಅಳೆಯುವ ಪರೀಕ್ಷೆ ಇರುತ್ತಿತ್ತು. ಅದರಲ್ಲಿ ಹಿಂದೆ ಬಿದ್ದವರು ಹೈಸ್ಕೂಲಿನ ಪಾಠವನ್ನೇ ಒಂದೆರಡು ವರ್ಷ ಮತ್ತೆ ಓದಬೇಕಿತ್ತು. ಆ ಯೂನಿಟ್ಟುಗಳು ಪದವಿಗೆ ಲೆಕ್ಕವಿಲ್ಲ, ಮತ್ತು ಆ ತರಗತಿಗಳಿಂದ ಮೇಲೆ ಬಂದವರು ಕಡಿಮೆ. 2017ರ ಒಂದು ಕಾನೂನು ಇದನ್ನು ತಿರುವಿ ಹಾಕಿತು: ಹೈಸ್ಕೂಲಿನ ಅಂಕಗಳನ್ನು ನೋಡಿ, ಪದವಿಗೆ ಲೆಕ್ಕಕ್ಕೆ ಬರುವ ತರಗತಿಗೇ ನೇರ ಸೇರಿಸಿ ಎಂದಿತು. ತಯಾರಿಯಿಲ್ಲದವರನ್ನು ಆಳದ ನೀರಿಗೆ ತಳ್ಳಿದ ಹಾಗೆ ಎಂದು ಗೊಣಗುವ ಗಣಿತದ ಅಧ್ಯಾಪಕರು ಈಗಲೂ ಇದ್ದಾರೆ. ಅವರ ಆತಂಕ ಪೂರ್ತಿ ಸುಳ್ಳಲ್ಲ. ಆದರೆ ಬಡವರಿಗೆ ಕಾಲೇಜಿನ ಖರ್ಚು ಎಂದರೆ ಬಹುಪಾಲು ಕಾಲದ ಖರ್ಚು. ಎರಡು ಸೆಮಿಸ್ಟರ್ ಉಳಿಸಿದ ಕಾನೂನು ಯೂನಿಟ್ ದರವನ್ನು ಇಳಿಸುವ ಎಷ್ಟೋ ಘೋಷಣೆಗಳಿಗಿಂತ ದೊಡ್ಡ ಉಪಕಾರ ಮಾಡಿದೆ.

ಇನ್ನು ಶುಲ್ಕ ಸೊನ್ನೆಯಾದರೂ ಬಾಡಿಗೆ ಸೊನ್ನೆಯಾಗುವುದಿಲ್ಲ. ಲಾಂಗ್ ಬೀಚ್ ಸಿಟಿ ಕಾಲೇಜು 2021ರಲ್ಲಿ, ಕಾರಿನಲ್ಲೇ ಮಲಗುತ್ತಿದ್ದ ವಿದ್ಯಾರ್ಥಿಗಳು ರಾತ್ರಿ ಸುರಕ್ಷಿತವಾಗಿ ಕಾರು ನಿಲ್ಲಿಸಲು ಕ್ಯಾಂಪಸ್ಸಿನ ಪಾರ್ಕಿಂಗ್ ಕಟ್ಟಡದಲ್ಲೇ ಜಾಗ ಮಾಡಿಕೊಟ್ಟಿತು. ಕಾಲೇಜು ಮಾಡಿದ್ದು ಮಾನವೀಯ ಕೆಲಸ. ಮಾಡಬೇಕಾಗಿ ಬಂದದ್ದು ನಾಚಿಕೆಯ ವಿಷಯ. ಹೊಸ ಮನೆಗಳನ್ನು ಕಟ್ಟಲು ಬಿಡದ ಊರುಗಳು ಕಾಲೇಜಿನ ಬಿಲ್ಲಿಗೆ ಸೇರಿಸಿದ ಮೊತ್ತ ಯಾವ ರೀಜೆಂಟರು ಸೇರಿಸಿದ ಮೊತ್ತಕ್ಕೂ ಕಡಿಮೆಯಲ್ಲ.

2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾಯಿದೆ ಸಾಲದ ನಿಯಮಗಳನ್ನು ಬದಲಿಸಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಸ್ನಾತಕೋತ್ತರ ಓದಿನ ಪ್ಲಸ್ ಸಾಲ ಇರುವುದಿಲ್ಲ. ಪೋಷಕರ ಪ್ಲಸ್ ಸಾಲಕ್ಕೆ ಮಗುವೊಂದಕ್ಕೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿ. ನಾನು ಮೇಲೆ ಹೇಳಿದ ಪತ್ರವನ್ನು ಅದೇ ರೂಪದಲ್ಲಿ ಇನ್ನು ಬರೆಯಲಾಗುವುದಿಲ್ಲ. ಇದರಿಂದ ಕಾಲೇಜುಗಳು ಬೆಲೆ ಇಳಿಸುತ್ತವೆ ಎಂದು ಬೆಂಬಲಿಗರ ವಾದ. ಖಾಸಗಿ ಬ್ಯಾಂಕುಗಳ ಬಾಗಿಲಿಗೆ ಜನ ಹೋಗುತ್ತಾರೆ ಎಂದು ವಿರೋಧಿಗಳ ವಾದ. ಸಾಲ ಸುಲಭವಾಗಿ ಸಿಕ್ಕಷ್ಟು ದಿನ ಬೆಲೆ ಏರಿಸಲು ಸಂಕೋಚಪಡದ ಸಂಸ್ಥೆಗಳನ್ನು ಕಂಡಿರುವ ನನಗೆ ಮಿತಿಯ ಬಗ್ಗೆ ತಕರಾರಿಲ್ಲ. ಆದರೆ ಸಾಲ ಕಡಿತವಾದ ಕಡೆ ಅನುದಾನ ಏರಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ನನ್ನ ಆಸಕ್ತಿ ಈಗ ಇನ್ನೊಂದು ಜಗಳದ ಮೇಲಿದೆ. 1960ರ ಯೋಜನೆ ಪದವಿ ಕೊಡುವ ಅಧಿಕಾರವನ್ನು ಜೂನಿಯರ್ ಕಾಲೇಜುಗಳಿಗೆ ಕೊಟ್ಟಿರಲಿಲ್ಲ. 2014ರಲ್ಲಿ ಪ್ರಯೋಗವಾಗಿ ಶುರುವಾಗಿ, 2021ರ ಕಾನೂನಿನಿಂದ ಶಾಶ್ವತಗೊಂಡು, ಈಗ ಕಮ್ಯೂನಿಟಿ ಕಾಲೇಜುಗಳು ಆಯ್ದ ವಿಷಯಗಳಲ್ಲಿ ನಾಲ್ಕು ವರ್ಷದ ಪದವಿ ಕೊಡುತ್ತಿವೆ. ಮೊದಲ 60 ಯೂನಿಟ್ಟಿಗೆ 46ರಂತೆ, ಮುಂದಿನ 60ಕ್ಕೆ 130ರಂತೆ, ಇಡೀ ಪದವಿಗೆ 10,560 ಡಾಲರ್. ಯುಸಿಯಲ್ಲಿ ಒಂದು ವರ್ಷದ ಶುಲ್ಕ ಇದಕ್ಕಿಂತ ಹೆಚ್ಚು. ಆದರೆ ಸಿಎಸ್‌ಯು ಅಥವಾ ಯುಸಿ ಈಗಾಗಲೇ ಕೊಡುತ್ತಿರುವ ಪದವಿಯನ್ನು ಕಾಲೇಜುಗಳು ನಕಲು ಮಾಡುವಂತಿಲ್ಲ ಎಂಬ ಷರತ್ತಿದೆ. ಸಿಎಸ್‌ಯು ಆಕ್ಷೇಪ ಎತ್ತಿ ಹಲವು ಅರ್ಜಿಗಳು ನಿಂತಿವೆ. ಕಮ್ಯೂನಿಟಿ ಕಾಲೇಜುಗಳು ನರ್ಸಿಂಗ್ ಪದವಿ ಕೊಡಲು ಅವಕಾಶ ಕೋರಿದ ಎರಡು ಮಸೂದೆಗಳು 2024ರಲ್ಲಿ ಶಾಸನಸಭೆಯಲ್ಲಿ ಗೆದ್ದವು. ಗವರ್ನರ್ ನ್ಯೂಸಮ್ ಎರಡನ್ನೂ ತಿರಸ್ಕರಿಸಿದರು. ವ್ಯವಸ್ಥೆಗಳ ನಡುವಿನ ಗಡಿ ಕೆಡಬಾರದು ಎಂಬ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅದೇ ಯೋಜನೆಯ ಇನ್ನೊಂದು ಅರ್ಧವನ್ನು, ಶುಲ್ಕ ಬೇಡವೆಂದ ಅರ್ಧವನ್ನು, ಐವತ್ತು ವರ್ಷ ಹಿಂದೆಯೇ ಕೈಬಿಟ್ಟವರು ಗಡಿಯ ಅರ್ಧವನ್ನು ಮಾತ್ರ ಇಷ್ಟು ನಿಷ್ಠೆಯಿಂದ ಕಾಯುವುದು ನನಗೆ ಒಪ್ಪಿಗೆಯಿಲ್ಲ. ಮನೆಯ ಹತ್ತಿರದ ಕಾಲೇಜಿನಲ್ಲಿ ನರ್ಸಿಂಗ್ ಓದಿ, ಇನ್ನೆರಡು ವರ್ಷ ಅಲ್ಲಿಯೇ ಓದಿದರೆ ಪದವಿ ಮುಗಿಸಬಲ್ಲವರು ಈ ರಾಜ್ಯದಲ್ಲಿ ಸಾವಿರಾರು ಮಂದಿ ಇದ್ದಾರೆ. ಅಂಥ ಮಸೂದೆ ಮತ್ತೆ ಬಂದೇ ಬರುತ್ತದೆ, ಮತ್ತು ಅದು ಬಂದಾಗ ನಮ್ಮ ಕ್ಷೇತ್ರದ ಪ್ರತಿನಿಧಿಗೆ ಬರೆಯುವವರಲ್ಲಿ ನಾನೂ ಒಬ್ಬ.